ಮನೆ ಸಿಕ್ಕಿತು, ಜಗಲಿ ಸಿಗಲಿಲ್ಲ

ಕಾರ್ಖಾನೆಯೊಂದು ಮುಚ್ಚಿದಾಗ ಅದನ್ನೇ ನಂಬಿದ್ದ ನೂರಾರು ಮನೆಗಳ ಒಲೆ ತಣ್ಣಗಾಗುತ್ತದೆ. ಆಮೇಲೆ ಉಳಿಯುವ ಆ ವಿಶಾಲ ಜಾಗ ಯಾರಿಗೆ ಸೇರಬೇಕು? ಮದುವೆಯಾಗಿ ದಕ್ಷಿಣ ಕನ್ನಡದಿಂದ ಮುಂಬಯಿಗೆ ಹೋದ ನನಗೆ ಈ ಪ್ರಶ್ನೆ ನೆರೆಮನೆಯಿಂದಲೇ ಎದುರಾಯಿತು.

ಮದನ್‌ಪುರದ ಚಾಳಿನಲ್ಲಿ ನಮ್ಮ ಪಕ್ಕದ ಖೋಲಿಯಲ್ಲಿ ಚಾಚಿ ಇದ್ದರು. ಅವರ ಪತಿ ಬಟ್ಟೆ ಗಿರಣಿಯಲ್ಲಿ ನೇಕಾರರಾಗಿದ್ದರು. 1982ರ ಜನವರಿ 18ರಂದು ದತ್ತಾ ಸಾಮಂತರ ನಾಯಕತ್ವದಲ್ಲಿ ಮುಂಬಯಿಯ ಗಿರಣಿಗಳಲ್ಲಿ ಮುಷ್ಕರ ಆರಂಭವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ನಿಲ್ಲಿಸಿದರು. ಮುಷ್ಕರ ಒಂದು ವರ್ಷಕ್ಕೂ ಹೆಚ್ಚು ಕಾಲ ಎಳೆಯಿತು. ನಂತರದ ವರ್ಷಗಳಲ್ಲಿ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಚಾಚಿ ಹೊಲಿಗೆ ಯಂತ್ರದ ಮುಂದೆ ಕುಳಿತು ನಾಲ್ಕು ಮಕ್ಕಳನ್ನು ದಡ ಸೇರಿಸಿದರು.

ಗಿರಣಿಗಳ ಜಮೀನು ಒಟ್ಟು ಸುಮಾರು 600 ಎಕರೆ, ಅದೂ ನಗರದ ನಡುಮಧ್ಯದಲ್ಲಿ. 1991ರ ನಿಯಮವೊಂದು ಇದಕ್ಕೆ ನ್ಯಾಯದ ದಾರಿ ತೋರಿಸಿತ್ತು. ಮಾಲಕರು ಜಮೀನನ್ನು ಮರುಅಭಿವೃದ್ಧಿ ಮಾಡುವುದಾದರೆ ಮೂರರಲ್ಲಿ ಒಂದು ಪಾಲು ಮೈದಾನ, ಉದ್ಯಾನಗಳಿಗಾಗಿ ನಗರಪಾಲಿಕೆಗೆ, ಇನ್ನೊಂದು ಪಾಲು ಜನರ ವಸತಿಗೆ, ಉಳಿದದ್ದು ಮಾಲಕರಿಗೆ. ಆದರೆ 2001ರಲ್ಲಿ ನಿಯಮ ಬದಲಾಯಿತು. ಕಟ್ಟಡಗಳಿಲ್ಲದ ಖಾಲಿ ಜಾಗವನ್ನು ಮಾತ್ರ ಪಾಲು ಮಾಡಿದರೆ ಸಾಕೆಂದಾಯಿತು. ಗಿರಣಿಯ ಜಾಗದ ಬಹುಭಾಗವನ್ನು ಕಟ್ಟಡಗಳೇ ಆವರಿಸಿದ್ದರಿಂದ ಜನರ ಪಾಲು ಬಹಳ ಕುಗ್ಗಿತು. ಪರಿಸರ ಸಂಘಟನೆಯೊಂದು ನ್ಯಾಯಾಲಯದ ಮೆಟ್ಟಿಲೇರಿ ಹೈಕೋರ್ಟಿನಲ್ಲಿ ಗೆದ್ದರೂ, 2006ರಲ್ಲಿ ಸುಪ್ರೀಂ ಕೋರ್ಟು ಬದಲಾದ ನಿಯಮವನ್ನೇ ಎತ್ತಿ ಹಿಡಿಯಿತು. ಭೋಂಗಾ ಕೂಗುತ್ತಿದ್ದ ಕಡೆ ಮಾಲ್‌ಗಳೂ ಗಗನಚುಂಬಿ ಕಟ್ಟಡಗಳೂ ಎದ್ದವು.

ಆದರೂ ಕಾರ್ಮಿಕರು ಸುಮ್ಮನೆ ಕೂರಲಿಲ್ಲ. ಅವರ ದೀರ್ಘ ಹೋರಾಟದ ಫಲವಾಗಿ 2012ರಲ್ಲಿ ಗಿರಣಿ ಜಮೀನಿನಲ್ಲಿ ಕಟ್ಟಿದ 6,925 ಮನೆಗಳನ್ನು ಲಾಟರಿ ಮೂಲಕ ಹಂಚಲಾಯಿತು. ಅರ್ಜಿ ಹಾಕಿದವರು ಲಕ್ಷಕ್ಕೂ ಹೆಚ್ಚು. ಚಾಚಿಯ ಪತಿ ಅಷ್ಟರಲ್ಲಿ ತೀರಿಹೋಗಿದ್ದರು. ವಾರಸುದಾರರಾಗಿ ಅರ್ಜಿ ಹಾಕಿದ್ದ ಚಾಚಿಗೆ ಮನೆ ಬಂತು. ಅಲ್‌ಹಮ್ದುಲಿಲ್ಲಾಹ್ ಎನ್ನುತ್ತಾ ಅವರು ಅತ್ತದ್ದು ನನಗಿನ್ನೂ ನೆನಪಿದೆ.

225 ಚದರ ಅಡಿಯ ಪುಟ್ಟ ಮನೆ. ಆದರೆ ಒಳಗೇ ನಲ್ಲಿ, ಸ್ವಂತ ಶೌಚಾಲಯ. ಬೆಳಗಿನ ಜಾವ ಬಕೆಟ್ ಹಿಡಿದು ಸಾಲು ನಿಂತ ಹೆಣ್ಣಿಗೆ ಮಾತ್ರ ಇದರ ಬೆಲೆ ಗೊತ್ತು. ಚಾಳಿನ ಬದುಕು ಚೆನ್ನಾಗಿತ್ತು ಎಂದು ದೂರದಲ್ಲಿ ಕುಳಿತು ಹಾಡಿ ಹೊಗಳುವವರು ಈ ಸಾಲನ್ನು ಮರೆಯುತ್ತಾರೆ.

ಆದರೆ ಮೊದಲ ಸಲ ನೋಡಲು ಹೋದಾಗ ಚಾಚಿ ಹೇಳಿದರು: “ಬೇಟಿ, ಇಲ್ಲಿ ಬಾಗಿಲು ಹಾಕಿದರೆ ದಿನ ಮುಗಿದ ಹಾಗೆ. ಕೂತು ಮಾತಾಡಲು ಜಾಗವೇ ಇಲ್ಲ.”

ಚಾಳಿನ ಉದ್ದನೆಯ ಜಗಲಿಯೇ ನಮ್ಮ ಸಮುದಾಯ ಭವನವಾಗಿತ್ತು. ಅಲ್ಲೇ ಹಪ್ಪಳ ಒಣಗುತ್ತಿತ್ತು, ಮಕ್ಕಳು ಓದುತ್ತಿದ್ದರು. ಬಾಣಂತಿಯ ಮಗುವನ್ನು ಯಾರಾದರೂ ಎತ್ತಿಕೊಂಡಿರುತ್ತಿದ್ದರು. ರಮಝಾನಿನಲ್ಲಿ ಇಫ್ತಾರಿನ ತಟ್ಟೆ ಹತ್ತು ಬಾಗಿಲು ದಾಟಿ, ಬೇರೆ ತಿಂಡಿ ತುಂಬಿಕೊಂಡು ವಾಪಸಾಗುತ್ತಿತ್ತು. ಇದಾವುದನ್ನೂ ಚದರ ಅಡಿಯಲ್ಲಿ ಅಳೆಯಲಾಗದು.

ಮನೆಯನ್ನೂ ಕೂಡುವ ಜಾಗವನ್ನೂ ಒಟ್ಟಿಗೆ ಕಟ್ಟಲು ಸಾಧ್ಯವೇ? ಸಾಧ್ಯ. ಸ್ಪೇನಿನ ಬಾರ್ಸಿಲೋನಾ ನಗರದಲ್ಲಿ ಕಾನ್ ಬಟ್ಲೊ ಎಂಬ ಹಳೆಯ ಬಟ್ಟೆ ಗಿರಣಿಯ ಆವರಣವಿದೆ. ಆ ಜಾಗ ಉದ್ಯಾನಕ್ಕೂ ಜನೋಪಯೋಗಕ್ಕೂ ಮೀಸಲೆಂದು 1976ರ ನಗರ ಯೋಜನೆಯಲ್ಲೇ ಬರೆದಿತ್ತು. ದಶಕಗಳು ಕಳೆದರೂ ಏನೂ ನಡೆಯದಾಗ ನೆರೆಹೊರೆಯವರು ಗಡುವು ಕೊಟ್ಟರು. 2011ರ ಜೂನ್‌ನಲ್ಲಿ ಒಂದು ಕಟ್ಟಡ ಅವರ ಕೈಗೆ ಬಂತು. ತಾವೇ ದುಡಿದು ಅದರಲ್ಲಿ ಗ್ರಂಥಾಲಯ, ಸಭಾಂಗಣ, ಬಡಗಿ ಶಾಲೆ ಮಾಡಿಕೊಂಡರು. ಪಕ್ಕದಲ್ಲೇ, ನಗರಸಭೆ 75 ವರ್ಷಗಳ ಗೇಣಿಗೆ ಕೊಟ್ಟ ನೆಲದಲ್ಲಿ, ಲಾ ಬೋರ್ಡಾ ಎಂಬ ಸಹಕಾರಿ ಸಂಘ 28 ಮನೆಗಳನ್ನು ಕಟ್ಟಿತು. 2018ರಲ್ಲಿ ಅದು ಪೂರ್ಣಗೊಂಡಿತು. ಬಟ್ಟೆ ಒಗೆಯುವ ಕೋಣೆ, ದೊಡ್ಡ ಅಡುಗೆ ಮನೆ, ಅತಿಥಿಗಳ ಕೋಣೆ ಎಲ್ಲರಿಗೂ ಸೇರಿದ್ದು. ಮನೆಗಳ ಒಡೆತನ ಸಂಘದ್ದಾದ್ದರಿಂದ ಯಾರೂ ಅದನ್ನು ಮಾರಿ ಲಾಭ ಮಾಡಿಕೊಳ್ಳುವಂತಿಲ್ಲ.

ನಮ್ಮ ಕರಾವಳಿಯಲ್ಲೂ ನದಿದಂಡೆಯ ಎಷ್ಟೋ ಹಂಚಿನ ಕಾರ್ಖಾನೆಗಳು ಬಾಗಿಲು ಮುಚ್ಚಿವೆ. ಅಲ್ಲಿ ಮಣ್ಣು ಹೊತ್ತ, ಹಂಚು ಜೋಡಿಸಿದ ಕೈಗಳಲ್ಲಿ ಹೆಂಗಸರದ್ದೂ ಇದ್ದವು. ಇಂತಹ ಜಾಗಗಳ ನಕ್ಷೆ ಬರೆಯುವಾಗ ಅವರನ್ನು ಯಾರಾದರೂ ಕೇಳುತ್ತಾರೆಯೇ? ಕೇಳಿದ್ದರೆ ಅವರು ಮೊದಲು ಕೇಳುವುದು ನಲ್ಲಿಯನ್ನು, ಆಮೇಲೆ ಖಂಡಿತವಾಗಿ ಒಂದು ಜಗಲಿಯನ್ನು. ಊರಿನ ಪಂಚಾಯತಿನಲ್ಲೋ ವಾರ್ಡಿನ ಸಭೆಯಲ್ಲೋ ಇಂಥ ಮಾತು ಬಂದಾಗ ನಾವು ಹೆಂಗಸರು ಹಿಂದಿನ ಬೆಂಚಿನಲ್ಲಿ ಕೂರುವುದು ಬೇಡ. ನಕ್ಷೆ ಮೇಜಿನ ಮೇಲಿರುವಾಗಲೇ ಕೇಳಬೇಕು. ಗೋಡೆ ಎದ್ದ ಮೇಲೆ ಜಗಲಿಗೆ ಜಾಗ ಹುಡುಕುವುದು ಬಲು ಕಷ್ಟ.