ಕೈಗೂ ರೆಕ್ಕೆಗೂ ನಡುವೆ

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಬಿಟ್ಟವರ ಕಥೆಗಳಿಗೇನೂ ಬರವಿಲ್ಲ. ಒಬ್ಬರು ತೋಟ ಮಾಡುತ್ತಾರೆ, ಇನ್ನೊಬ್ಬರು ಕಾಫಿ ಅಂಗಡಿ ತೆರೆಯುತ್ತಾರೆ. ಆದರೆ ನಮ್ಮ ದೊಡ್ಡಪ್ಪನ ಮಗಳು, ಆರು ವರ್ಷ ಕೋಡ್ ಬರೆದವಳು, ಪೈಲಟ್ ಆಗುತ್ತೇನೆ ಎಂದಾಗ ಮನೆಯಲ್ಲಿ ಯಾರಿಗೂ ಏನು ಹೇಳಬೇಕೆಂದು ತೋಚಲಿಲ್ಲ. “ನೆರಳಲ್ಲಿ ಕೂತು ದುಡಿಯೋದು ಬಿಟ್ಟು ಇದೇನೇ ನಿಂದು?” ಎಂದರು ದೊಡ್ಡಮ್ಮ. ದೊಡ್ಡಪ್ಪ ಮಾತಾಡಲಿಲ್ಲ. ಆಮೇಲೆ ಸಾಲಕ್ಕೆಂದು ಮನೆಪತ್ರ ಬ್ಯಾಂಕಿಗೆ ಕೊಟ್ಟವರು ಅವರೇ.

ದಾರಿ ಸಲೀಸಲ್ಲ. ವೈದ್ಯಕೀಯ ಪರೀಕ್ಷೆ ಪಾಸಾಗಬೇಕು. ಹವಾಮಾನ, ನ್ಯಾವಿಗೇಶನ್, ವಾಯುಯಾನ ನಿಯಮಗಳ ಪರೀಕ್ಷೆ ಬರೆಯಬೇಕು. ವಾಣಿಜ್ಯ ಪರವಾನಗಿಗೆ 200 ಗಂಟೆ ಹಾರಾಟ ಮುಗಿಸಬೇಕು. ಅಕ್ಕನಿಗೆ ಇದಕ್ಕೆಲ್ಲ ಐವತ್ತು ಲಕ್ಷ ಮೀರಿತು. ಪರವಾನಗಿ ಬಂದ ಮಾತ್ರಕ್ಕೆ ಕೆಲಸ ಸಿಕ್ಕಂತಲ್ಲ. ದೊಡ್ಡ ವಿಮಾನ ಹಾರಿಸಲು ಆ ಮಾದರಿಯದೇ ತರಬೇತಿ ಬೇರೆ ಆಗಬೇಕು, ಅದಕ್ಕೆ ಹಣವೂ ಬೇರೆ.

ಅವಳು ಕಲಿತದ್ದು ನಾಲ್ಕು ಸೀಟಿನ ಸೆಸ್ನಾ 172ರಲ್ಲಿ. ಅದರಲ್ಲಿ ಕೈಯ ಹಿಡಿಯಿಂದ ರೆಕ್ಕೆಯ ಅಂಚಿನವರೆಗೆ ಉಕ್ಕಿನ ತಂತಿ ಹೋಗಿರುತ್ತದೆ. “ನಾನು ತಿರುಗಿಸಿದ್ರೆ ವಿಮಾನ ವಾಲುತ್ತೆ. ನಡುವೆ ಯಾರೂ ಇಲ್ಲ ಕಣೋ,” ಎಂದು ಮೊದಲ ವಾರ ಫೋನಿನಲ್ಲಿ ಹೇಳಿದ್ದಳು. ತಾನು ಬರೆದ ಪ್ರೋಗ್ರಾಮನ್ನು ಬಳಸುವವರ ಮುಖ ಒಂದು ಸಲವೂ ನೋಡಿರದವಳ ಸಂತೋಷ ಅದು.

ಆದರೆ ಪ್ರಯಾಣಿಕರ ವಿಮಾನದ ತರಬೇತಿಗೆ ಹೋದಾಗ ಬಿಟ್ಟುಬಂದ ಕೋಡ್ ಅಲ್ಲೇ ಎದುರಾಯಿತು. 1988ರಲ್ಲಿ ಸೇವೆಗೆ ಬಂದ ಏರ್‌ಬಸ್ ಎ320 ವಿಮಾನದಲ್ಲಿ ಪೈಲಟ್ ಕೈಯಾಡಿಸಿದರೆ ಅದು ವಿದ್ಯುತ್ ಸಂಕೇತವಾಗಿ ಕಂಪ್ಯೂಟರಿಗೆ ಹೋಗುತ್ತದೆ. ರೆಕ್ಕೆ ಎಷ್ಟು ಅಲುಗಬೇಕೆಂಬುದನ್ನು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಎಷ್ಟೋ ತಪ್ಪುಗಳನ್ನು ಅದು ತಡೆಯುತ್ತದೆ ಕೂಡ.

ಅಕ್ಕ ಮತ್ತೆ ಮತ್ತೆ ಓದಿದ್ದು ಮಾತ್ರ ಬೋಯಿಂಗ್ 737 ಮ್ಯಾಕ್ಸ್ ಅಪಘಾತಗಳ ಬಗ್ಗೆ. 2018ರ ಅಕ್ಟೋಬರಿನಲ್ಲಿ ಇಂಡೋನೇಷ್ಯಾದಲ್ಲಿ 189 ಜನ, 2019ರ ಮಾರ್ಚಿನಲ್ಲಿ ಇಥಿಯೋಪಿಯಾದಲ್ಲಿ 157 ಜನ ಸತ್ತರು. ವಿಮಾನದ ಮೂತಿ ಎಷ್ಟು ಮೇಲೆದ್ದಿದೆ ಎಂದು ತಿಳಿಯಲು ಎಂಕ್ಯಾಸ್ ಎಂಬ ವ್ಯವಸ್ಥೆ ಒಂದೇ ಒಂದು ಸೆನ್ಸರನ್ನು ನಂಬಿತ್ತು. ಆ ಸೆನ್ಸರ್ ತಪ್ಪು ಹೇಳಿತು. ವ್ಯವಸ್ಥೆ ಮೂತಿಯನ್ನು ಮತ್ತೆ ಮತ್ತೆ ಕೆಳಕ್ಕೆ ತಳ್ಳಿತು. ಮೊದಲ ಅಪಘಾತಕ್ಕೆ ಮುಂಚೆ ಹೆಚ್ಚಿನ ಪೈಲಟ್‌ಗಳಿಗೆ ಅಂಥದ್ದೊಂದು ಇದೆಯೆಂದೇ ಗೊತ್ತಿರಲಿಲ್ಲ.

“ಬರೆದವರು ದಡ್ಡರಲ್ಲ. ನಮ್ಮ ಆಫೀಸಲ್ಲಿ ಇದ್ದಂಥವರೇ. ಆದ್ರೆ ವಿಮಾನದಲ್ಲಿ ಅವರು ಕೂತಿರ್ಲಿಲ್ಲ,” ಎಂದಳು. ಅವಳು ದಾಟಿದ ದೂರ ಎಷ್ಟೆಂದು ನನಗೆ ಅರ್ಥವಾದದ್ದು ಆಗ. ಕೋಡ್ ಬಿಟ್ಟು ಆಕಾಶಕ್ಕೆ ಹೋದಳು ಎಂದುಕೊಂಡಿದ್ದೆವು. ಅವಳು ಹೋದದ್ದು ಕೋಡಿನ ಇನ್ನೊಂದು ತುದಿಗೆ, ಅದನ್ನು ನಂಬಿ ಕೂರುವವರ ಕಡೆಗೆ.

ಈಗ ಅವಳು ಅರ್ಜಿ ಹಾಕಿ ಕಾಯುತ್ತಿದ್ದಾಳೆ. ಸಾಲದ ಕಂತು ಕಾಯುವುದಿಲ್ಲ. ಹಾಗಾಗಿ ರಾತ್ರಿ ಮತ್ತೆ ಬಿಡಿ ಕೆಲಸವಾಗಿ ಕೋಡ್ ಬರೆಯುತ್ತಾಳೆ. ಮೊನ್ನೆ ಯಾವುದೋ ಕಂಪನಿಗೆ ಸಣ್ಣದೊಂದು ಲೆಕ್ಕದ ಪ್ರೋಗ್ರಾಮ್ ಮಾಡಿಕೊಡಲು ಮಾಮೂಲಿಗಿಂತ ಎರಡು ದಿನ ಹೆಚ್ಚು ತೆಗೆದುಕೊಂಡಳಂತೆ. ಯಾಕೆಂದು ಕೇಳಿದೆ.

“ಒಳಗೆ ಬರೋ ಸಂಖ್ಯೆನೇ ಸುಳ್ಳಾಗಿದ್ರೆ ಏನಾಗುತ್ತೆ ಅಂತ ನೋಡ್ತಿದ್ದೆ,” ಎಂದಳು.