ದಂಡು ಇಳಿದ ಕಾಡು

ಬ್ಯಾರಕ್ಕು, ಅಂದರೆ ಸಿಪಾಯಿಗಳು ಒಟ್ಟಾಗಿ ಉಂಡು ಮಲಗಲೆಂದು ಸರ್ಕಾರ ಕಟ್ಟಿಸುವ ಉದ್ದನೆಯ ಸಾಲುಮನೆ, ಬೆಂಗಳೂರಿನ ದಂಡು ಪ್ರದೇಶದ ಚರಿತ್ರೆಯಲ್ಲಿ ಪಡೆದಿರುವ ಸ್ಥಾನವನ್ನು ಕೊಳ್ಳೇಗಾಲ, ಹನೂರು, ಯಳಂದೂರುಗಳ ಚರಿತ್ರೆಯಲ್ಲಿ ಪಡೆದಿಲ್ಲವಾದರೂ, ಆಯುಧ ಹಿಡಿದವರು ಈ ಸೀಮೆಗೆ ಹೊಸಬರೇನಲ್ಲ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಕೊಳ್ಳೇಗಾಲವು ಈಸ್ಟ್ ಇಂಡಿಯಾ ಕಂಪನಿಗೆ ಸೇರಿ ಕೊಯಮತ್ತೂರು ಜಿಲ್ಲೆಯ ಭಾಗವಾಯಿತು. ಪಕ್ಕದ ಯಳಂದೂರು ಮೈಸೂರಿನಲ್ಲಿಯೇ ಉಳಿದು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ, ಎಂದರೆ ಸಲ್ಲಿಸಿದ ಸೇವೆಗಾಗಿ ಕಂದಾಯದ ಹಕ್ಕಿನೊಡನೆ ಕೊಡುವ ಭೂಮಿಯಾಗಿ, ದೊರೆಯಿತು. ಅದೇ ವರ್ಷ ಕಂಪನಿಯೊಡನೆ ಆದ ಒಪ್ಪಂದದಂತೆ ಮೈಸೂರು ಸಂಸ್ಥಾನವು 4,000 ಕುದುರೆ ಸವಾರರನ್ನು ಸದಾ ಸಿದ್ಧವಾಗಿ ಇರಿಸಿಕೊಳ್ಳಬೇಕಾಯಿತು. ಇವರಲ್ಲಿ ಸಿಲ್ಲೇದಾರರೆಂಬುವರು ಕುದುರೆ, ಕತ್ತಿ, ಮೇವು ಎಲ್ಲವನ್ನೂ ತಾವೇ ಹೊಂದಿಸಿಕೊಂಡು ಸಂಬಳಕ್ಕೆ ದುಡಿಯುವ ಸವಾರರಾಗಿದ್ದುದರಿಂದ, ಸೈನ್ಯವನ್ನು ಸಾಕುವ ಹೊರೆಯ ಒಂದು ಪಾಲು ಸೈನಿಕನ ಹೆಗಲಿಗೇ ಬೀಳುತ್ತಿತ್ತು. ಲೆಕ್ಕಪತ್ರದಲ್ಲಿ ನಿಸ್ಸೀಮರಾಗಿದ್ದ ಪೂರ್ಣಯ್ಯನವರಿಗೆ ಇದು ಹಿಡಿಸದೆ ಇದ್ದೀತೆ?

ಕಂಪನಿಯ ಕಾಲಾಳುಗಳ ಗತಿ ಬೇರೆಯಾಗಿತ್ತು. ಗೆದ್ದ ಶ್ರೀರಂಗಪಟ್ಟಣದಲ್ಲಿಯೇ ಉಳಿದ ದಂಡು ಚಳಿಜ್ವರಕ್ಕೆ ಸಿಕ್ಕಿ ನಲುಗಿ, 1809ರಲ್ಲಿ ಬೆಂಗಳೂರಿಗೆ ಹೋಯಿತು. ಶ್ರೀರಂಗಪಟ್ಟಣದ ಟಿಪ್ಪುವಿನ ಅರಮನೆಯ ಅಳಿದುಳಿದ ಭಾಗವು ಮುಂದೆ ಗಂಧದ ಮರದ ಉಗ್ರಾಣವಾಯಿತೆಂಬುದನ್ನು ಇಲ್ಲಿ ನೆನೆಯಬೇಕು, ಏಕೆಂದರೆ ಕೊಳ್ಳೇಗಾಲದ ಕಾಡಿಗೆ ಸುಮಾರು ಎರಡು ಶತಮಾನಗಳ ಅನಂತರ ಮತ್ತೆ ದಂಡು ಬಂದಿಳಿದುದರ ಹಿಂದೆ ಆನೆಯ ದಂತದೊಡನೆ ಇದೇ ಗಂಧವೂ ಇತ್ತು.

ದಂತ ಮತ್ತು ಗಂಧದ ಕಳ್ಳಸಾಗಣೆಗಾರನಾದ ಗೋಪಿನಾಥಂ ಊರಿನ ವೀರಪ್ಪನ್‌ನನ್ನು ಹಿಡಿಯಲು ನೇಮಕವಾದ ವಿಶೇಷ ಕಾರ್ಯಪಡೆ, ಜನರ ಬಾಯಲ್ಲಿ ಎಸ್‌ಟಿಎಫ್, ಮಲೆ ಮಹದೇಶ್ವರ ಬೆಟ್ಟದಲ್ಲಿ ಬೀಡುಬಿಟ್ಟಿತು. ಕೆಲಕಾಲ ಗಡಿ ಭದ್ರತಾ ಪಡೆಯೂ ಬಂತು. 1991ರ ನವೆಂಬರ್‌ನಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್, 1992ರ ಆಗಸ್ಟ್ 14ರಂದು ಮೀಣ್ಯದ ಬಳಿ ಪೊಲೀಸ್ ಅಧಿಕಾರಿಗಳಾದ ಹರಿಕೃಷ್ಣ ಮತ್ತು ಶಕೀಲ್ ಅಹ್ಮದ್ ವೀರಪ್ಪನ್ ತಂಡದ ಕೈಯಲ್ಲಿ ಹತರಾದರು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ಅದೇ ತಂಡದ ನೆಲಬಾಂಬಿಗೆ 22 ಮಂದಿ ಬಲಿಯಾದರು. ಆ ದಶಕದಲ್ಲಿ ಕೊಳ್ಳೇಗಾಲದ ಶಾಲೆಗಳಲ್ಲಿ ಓದುತ್ತಿದ್ದ ಮಕ್ಕಳು, ಪ್ರಸ್ತುತ ಲೇಖಕನೂ ಅವರಲ್ಲೊಬ್ಬ, ಸಮವಸ್ತ್ರದ ಬಣ್ಣದಿಂದಲೇ ಬಂದದ್ದು ಯಾವ ಪಡೆಯೆಂದು ಹೇಳಬಲ್ಲವರಾಗಿದ್ದರು. ಮಾದಪ್ಪನಿಗೆ, ಅಂದರೆ ಬೆಟ್ಟದ ಮಹದೇಶ್ವರನಿಗೆ, ಮುಡಿ ಕೊಡಲು ಹೊರಟ ಲೇಖಕನ ಮನೆಯವರು ಪಂಚಾಂಗ ನೋಡಿದ ಮೇಲೆ ಬಸ್ಸಿನ ವೇಳೆಯನ್ನೂ ನೋಡಿ, ಹೊತ್ತು ಮುಳುಗುವ ಮುನ್ನ ತಾಳುಬೆಟ್ಟ ದಾಟುವಂತೆ ಬುತ್ತಿ ಕಟ್ಟುತ್ತಿದ್ದರು. ಒಯ್ಯುವ ಅಕ್ಕಿ ಹೆಚ್ಚಾದರೆ ಅದು ಕಾಡಿನೊಳಗಿನ ಯಾರಿಗೆ ಎಂಬ ಪ್ರಶ್ನೆ ಪೊಲೀಸರಲ್ಲಿ ಹುಟ್ಟುತ್ತದೆಂದು ಅಜ್ಜಿ ಪರವಿನ, ಅಂದರೆ ಹರಕೆಯ ಊಟದ, ಅಕ್ಕಿಯನ್ನೂ ಅಳೆದು ಕೊಡುತ್ತಿದ್ದರು.

ಬೀಡಿನ ಒಳಗೆ ಇದ್ದವರೆಲ್ಲ ಸಮವಸ್ತ್ರದವರಾಗಿರಲಿಲ್ಲ. ವಿಚಾರಣೆಗೆಂದು ಕರೆತಂದ ಹಳ್ಳಿಗರು ಬೆಟ್ಟದ ಶಿಬಿರದ ಒಂದು ಜಾಗವನ್ನು ‘ವರ್ಕ್‌ಶಾಪ್’ ಎಂಬ ಹೆಸರಿನಿಂದ ನೆನೆದು, ಅಲ್ಲಿ ಅನುಭವಿಸಿದ ಹಿಂಸೆಯನ್ನು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ನೇಮಿಸಿದ ನ್ಯಾಯಮೂರ್ತಿ ಸದಾಶಿವ ಸಮಿತಿಯ ಮುಂದೆ ಹೇಳಿಕೊಂಡರು. 2007ರಲ್ಲಿ ಆಯೋಗವು ಕರ್ನಾಟಕ, ತಮಿಳುನಾಡು ಎರಡೂ ರಾಜ್ಯಗಳ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಿಸಲು ಮುಂದಾಯಿತು. ಸೈನಿಕ ನೆಲೆಗಳ ಚರಿತ್ರೆಯು ದಳಪತಿಗಳ ಹೆಸರನ್ನು ತಪ್ಪದೆ ಉಳಿಸಿಕೊಳ್ಳುತ್ತದೆ. ಕಾಡಿನ ಎರಡು ಕಡೆಯ ಬಂದೂಕುಗಳಿಗೂ ಅಂಜಿ ಬದುಕಿದವರನ್ನು ಪರಿಹಾರದ ಪಟ್ಟಿಯಲ್ಲಿ ಮಾತ್ರ ಹುಡುಕಬೇಕಾದುದು ಆ ಚರಿತ್ರೆಯ ದೊಡ್ಡ ಕೊರತೆ.

2004ರ ಅಕ್ಟೋಬರ್ 18ರಂದು ಧರ್ಮಪುರಿಯ ಪಾಪರಪಟ್ಟಿ ಬಳಿ ವೀರಪ್ಪನ್ ಹತನಾದ ಮೇಲೆ ದಂಡು ಕಾಡಿನಿಂದ ಹೊರಟಿತು. 2013ರಲ್ಲಿ ಮಲೆ ಮಹದೇಶ್ವರ ವನ್ಯಜೀವಿ ಧಾಮವು ರೂಪುಗೊಂಡಿತು. ಗೋಪಿನಾಥಂನಲ್ಲಿ ಚಾರಣಿಗರಿಗಾಗಿ ಗುಡಾರಗಳು ಎದ್ದವು. ಒಳಗಾಡಿನಲ್ಲಿ ಈಗ ಇರುವುದು ಕಳ್ಳಬೇಟೆ ತಡೆ ಶಿಬಿರಗಳು, ಅಂದರೆ ಅರಣ್ಯ ಇಲಾಖೆಯ ಕಾವಲುಗಾರರು ರಾತ್ರಿ ತಂಗುವ ಪುಟ್ಟ ನೆಲೆಗಳು. ಆ ಕಾವಲುಗಾರರಲ್ಲಿ ಈ ಕಾಡಿನ ಮೂಲನಿವಾಸಿಗಳಾದ ಸೋಲಿಗರೂ ಇದ್ದು, ದಂಡುಗಳು ಬರುವುದಕ್ಕೆ ಬಹಳ ಮೊದಲೇ ತಮ್ಮ ಹಿರಿಯರ ಪೋಡುಗಳು, ಅಂದರೆ ಹಾಡಿಗಳು, ಇದ್ದ ಕಾಡಿನಲ್ಲಿ ಅವರು ಈಗ ಇಲಾಖೆ ಕೊಡುವ ಕೂಲಿಗೆ ಗಸ್ತು ತಿರುಗುತ್ತಾರೆ.