ಗೋಡೆಯಾಚೆ ಗೌರಿ ಹೂ

ಚೌತಿಗೆ ಇನ್ನೆರಡೇ ದಿನ. ಕಾರವಾರದಲ್ಲಿ ಅಂಕೋಲೆ ಬಸ್ಸು ಹತ್ತಿ ಕಿಟಕಿ ಸೀಟು ಹಿಡಿದೆ. ಹೊರಗೆ ಜಿಟಿಜಿಟಿ ಮಳೆ. ಬಿಣಗಾ ದಾಟಿ ಅರಗಾ ಬಂತು. ಪಕ್ಕದಲ್ಲಿದ್ದ ವಯಸ್ಸಾದ ಹೆಂಗಸು ನನ್ನ ಮೇಲೇ ಬಗ್ಗಿ ಹೊರಗೆ ನೋಡತೊಡಗಿದರು. ನಾನೂ ನೋಡಿದೆ. ಉದ್ದನೆಯ ಗೋಡೆಯ ಮೇಲಿಂದ ಇಣುಕುವ ಪೊದೆಗೆ ಬೆಂಕಿ ಹತ್ತಿದ ಹಾಗೆ... ಗೌರಿ ಹೂ!

ಓದುಗ ಮಿತ್ರರೇ, ನೀವೂ ಕಂಡಿರುತ್ತೀರಿ. ಸಂಸ್ಕೃತದಲ್ಲಿ ಅಗ್ನಿಶಿಖೆ, ಇಂಗ್ಲಿಷಿನವರಿಗೆ ಗ್ಲೋರಿ ಲಿಲ್ಲಿ. ಆರು ಎಸಳು, ಅಂಚಿಗೆಲ್ಲ ನಿರಿಗೆ. ಮೊದಲು ಹಸಿರು, ಆಮೇಲೆ ಹಳದಿ, ಕೊನೆಗೆ ಕಡುಕೆಂಪು. ಒಂದೇ ಹಾಡಿನಲ್ಲಿ ಮೂರು ಸೀರೆ ಬದಲಿಸುವ ನಾಯಕಿಯಂತೆ! ಎಲೆಯ ತುದಿಯನ್ನೇ ಸುರುಳಿ ಮಾಡಿಕೊಂಡು ಪಕ್ಕದ ಗಿಡ ಹಿಡಿದು ಹತ್ತುವ ಬಳ್ಳಿ ಇದು. ಮಳೆಗಾಲ ಮುಗಿದ ಮೇಲೆ ಬಳ್ಳಿ ಒಣಗುತ್ತದೆ, ನೆಲದೊಳಗಿನ ಗಡ್ಡೆ ಮುಂದಿನ ಮಳೆಗೆ ಕಾಯುತ್ತದೆ. ತಮಿಳುನಾಡಿಗೆ ಇದು ರಾಜ್ಯಪುಷ್ಪ, ದೂರದ ಜಿಂಬಾಬ್ವೆಗೆ ರಾಷ್ಟ್ರಪುಷ್ಪ. ನಮ್ಮಲ್ಲಿ ಪಾಪ, ಚೌತಿ ಬಂದಾಗಷ್ಟೇ ನೆನಪು.

"ಇಳಿದು ಕೊಯ್ತೀರಾ ಅಕ್ಕಾ?" ಅಂದೆ.

"ಎಲ್ಲಿ ಇಳಿಯೂದು ತಮಾ? ಆ ಗೋಡೆ ಆಚೆಗೇ ನಮ್ಮನೆ ಇತ್ತು."

ಅದು ಸೀಬರ್ಡ್ ನೌಕಾನೆಲೆಯ ಗೋಡೆ. 1986ರಲ್ಲಿ ಶಂಕುಸ್ಥಾಪನೆ, 2005ರಲ್ಲಿ ಐಎನ್‌ಎಸ್ ಕದಂಬ ಉದ್ಘಾಟನೆ. ನಡುವಿನ ವರ್ಷಗಳಲ್ಲಿ ಊರಿಗೆ ಊರೇ ಎದ್ದು ಪುನರ್ವಸತಿ ಕಾಲೊನಿ ಸೇರಿತು.

ಚೌತಿಗೆ ಗಣಪತಿಯ ಮೇಲೆ ಫಲಾವಳಿ ಕಟ್ಟುವುದು ಈ ಕಡೆಯ ಪದ್ಧತಿ. ಕಾಯಿ, ಹಣ್ಣು, ಕಾಡಿನ ಹೂ ಎಲ್ಲ ಅದರಲ್ಲಿ ತೂಗಬೇಕು. "ಮೊದ್ಲು ಹಿತ್ಲ ಗುಡ್ಡದಿಂದ ತರ್ತಿದ್ದೆ. ಈಗ ದುಡ್ಡು ಕೊಟ್ಟು ತರೂದು."

"ಒಂದು ಗಡ್ಡೆ ತಂದು ಹೊಸ ಮನೆ ಹಿತ್ತಲಲ್ಲಿ ನೆಡಬಹುದಿತ್ತಲ್ಲ?"

"ನೆಟ್ಟಿದ್ದೆ ತಮಾ. ಮೊಮ್ಮಗ ಗೆಣಸು ಅಂತ ಕಿತ್ತು ಬಾಯಿಗೆ ಇಡೂಕೆ ಹೊರಟಿದ್ದ. ಅವತ್ತೇ ಅಗೆದು ಎಸೆದೆ."

ಹೆದರಿದ್ದು ಸರಿಯೇ. ಆ ಗಡ್ಡೆಯಲ್ಲಿ ಕಾಲ್ಚಿಸಿನ್ ಎಂಬ ವಿಷವಿದೆ. ಕೀಲುನೋವು ತರುವ ಗೌಟ್ ಕಾಯಿಲೆಗೆ ಡಾಕ್ಟರು ಕೊಡುವ ಮಾತ್ರೆಯಲ್ಲೂ ಅದೇ ಇರುತ್ತದೆ, ಆದರೆ ಅಳತೆಯಲ್ಲಿ. ಗಡ್ಡೆ ತಿಂದವರಿಗೆ ವಾಂತಿ, ಭೇದಿ ಶುರುವಾಗಿ ಜೀವಕ್ಕೇ ಕುತ್ತು. ಗೆಣಸೆಂದು ತಿಂದು ಸತ್ತವರೂ ಇದ್ದಾರೆ.

ಅಂಕೋಲೆಯಲ್ಲಿ ಇಳಿದೆವು. ಪೇಟೆಯ ಬದಿಯಲ್ಲಿ ಪ್ಲಾಸ್ಟಿಕ್ ಹೊದ್ದು ಕೂತವಳ ಬುಟ್ಟಿಯಲ್ಲಿ ಗೌರಿ ಹೂವಿನ ಕಟ್ಟುಗಳು.

"ಎಲ್ಲಿದು?" ಅಕ್ಕ ಕೇಳಿದರು.

"ಅರಗಾ ಬದಿದು."

ಕೊತ್ತಂಬರಿ ಸೊಪ್ಪಿಗೆ ಆಗಷ್ಟೇ ಅರ್ಧ ಗಂಟೆ ಚೌಕಾಸಿ ಮಾಡಿದ್ದ ಅಕ್ಕ, ಹೂವಿನ ರೇಟನ್ನೂ ಕೇಳದೆ ಎರಡು ಕಟ್ಟು ಎತ್ತಿಕೊಂಡರು.